ಕೈಯಲ್ಲಿ ಹಿಡಿದು ನೋಡದೆ ಹಳೆಯ ಡಿಂಕಿ ಆಟಿಕೆ ಕಾರುಗಳನ್ನು ಆನ್‌ಲೈನ್ ಹರಾಜಿನಲ್ಲಿ ಕೊಳ್ಳುವುದು ಹೇಗೆ?

ಪ್ರಶ್ನೆ (ಮೈಸೂರಿನಿಂದ, ಡಿಸೆಂಬರ್ 2020)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವ ಪದ್ಧತಿ ಅಜ್ಜಿಯ ಕಾಲದಿಂದ ನಡೆದುಬಂದಿದೆ. ಪಟ್ಟದ ಗೊಂಬೆಗಳ ಮೆಟ್ಟಿಲಿನ ಪಕ್ಕದಲ್ಲಿ ರಾಗಿ ಮೊಳಕೆ ಬರಿಸಿ ಒಂದು ಪಾರ್ಕು ಮಾಡುತ್ತೇವೆ. ಆ ಪಾರ್ಕಿನ ಮರಳಿನ ರಸ್ತೆಯ ಮೇಲೆ ಪ್ರತಿವರ್ಷವೂ ಎಂಟು ಚಕ್ರದ ಒಂದು ಭಾರವಾದ ಆಟಿಕೆ ಲಾರಿ ನಿಲ್ಲುತ್ತಿತ್ತು. ನಮ್ಮ ತಂದೆಯವರು ಚಿಕ್ಕವರಿದ್ದಾಗ ತಾತ ಅದನ್ನು ಬೆಂಗಳೂರಿನ ದಂಡು ಪ್ರದೇಶದ ಅಂಗಡಿಯೊಂದರಿಂದ ತಂದಿದ್ದರಂತೆ. ಈ ವರ್ಷ ಕೊರೊನಾ ಕಾರಣದಿಂದ ಗೊಂಬೆ ನೋಡಲು ಯಾರನ್ನೂ ಕರೆಯಲಿಲ್ಲ. ಮಾಡಲು ಕೆಲಸವಿಲ್ಲದೆ ಒಂದು ಮಧ್ಯಾಹ್ನ ಆ ಲಾರಿಯನ್ನು ತಿರುಗಿಸಿ ನೋಡಿದಾಗ, ತಳದ ತಗಡಿನ ಮೇಲೆ ‘ಫೋಡನ್’, ‘ಡಿಂಕಿ ಸೂಪರ್‌ಟಾಯ್ಸ್’, ‘ಮೆಕ್ಯಾನೊ ಲಿಮಿಟೆಡ್’ ಎಂಬ ಇಂಗ್ಲಿಷ್ ಅಕ್ಷರಗಳು ಕಂಡವು. ಅಲ್ಲಿಂದ ಡಿಂಕಿ ಎಂಬ ಈ ಇಂಗ್ಲೆಂಡಿನ ಲೋಹದ ಆಟಿಕೆ ವಾಹನಗಳ ಗೀಳು ಹತ್ತಿಕೊಂಡಿತು.

ಎರಡು ತಿಂಗಳಲ್ಲಿ ಇಂಗ್ಲೆಂಡಿನ ಮಾರಾಟಗಾರರಿಂದ ಆನ್‌ಲೈನ್ ಹರಾಜಿನಲ್ಲಿ ಮೂರು ಕಾರುಗಳನ್ನು ಕೊಂಡಿದ್ದೇನೆ. ಎರಡು ಚೆನ್ನಾಗಿವೆ. ಮೂರನೆಯದು ಎರಡನೆಯ ಮಹಾಯುದ್ಧಕ್ಕೆ ಮೊದಲಿನ ‘ಕ್ರೈಸ್ಲರ್ ಏರ್‌ಫ್ಲೋ’ ಎಂಬ ಮಾದರಿ. ಅದಕ್ಕೇ ಹೆಚ್ಚು ಹಣ ಕೊಟ್ಟಿದ್ದು. ವಿವರಣೆಯಲ್ಲಿ ‘ವಯಸ್ಸಿಗೆ ತಕ್ಕಂತೆ ಬಹಳ ಚೆನ್ನಾಗಿದೆ’ ಎಂದು ಬರೆದಿದ್ದರು, ಒಂದೇ ಮಗ್ಗುಲಿನಿಂದ ತೆಗೆದ ಎರಡು ಚಿತ್ರಗಳಿದ್ದವು. ಏಳು ವಾರಗಳ ನಂತರ ಪೊಟ್ಟಣ ಬಂತು. ರಟ್ಟಿನ ಪೆಟ್ಟಿಗೆ ಎಲ್ಲಿಯೂ ಜಜ್ಜಿರಲಿಲ್ಲ. ಒಳಗೆ ಕಾರಿನ ಮುಂದಿನ ಮಡ್‌ಗಾರ್ಡ್ ಕಳಚಿ ಬಿದ್ದಿತ್ತು, ಒಂದು ಚಕ್ರ ಬೇರೆಯಾಗಿತ್ತು, ಮೇಲ್ಛಾವಣಿಯ ಬಣ್ಣದಲ್ಲಿ ಬೇಸಿಗೆಯ ಕೆರೆಯಂಗಳದಂತೆ ಸಣ್ಣ ಬಿರುಕುಗಳಿದ್ದವು. ಮುರಿದ ಜಾಗವನ್ನು ಬೆರಳಿನಿಂದ ಸವರಿದರೆ ಕಲ್ಲುಸಕ್ಕರೆಯ ಪುಡಿಯಂತೆ ಬೂದುಬಣ್ಣದ ಕಣಗಳು ಉದುರುತ್ತವೆ. ಮಾರಿದವರು ಇದು ಅಂಚೆಯಲ್ಲಿ ಆದ ಹಾನಿ ಎನ್ನುತ್ತಿದ್ದಾರೆ.

ನನ್ನ ಪ್ರಶ್ನೆ ಏನೆಂದರೆ, ಇದು ನಿಜವಾಗಿಯೂ ಸಾಗಣೆಯಲ್ಲಿ ಆಗಿರಬಹುದೇ? ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿದು ನೋಡುವುದು ಸಾಧ್ಯವಿಲ್ಲದ ಈ ದಿನಗಳಲ್ಲಿ, ಚಿತ್ರಗಳನ್ನಷ್ಟೇ ನಂಬಿ ಕೊಳ್ಳುವವರು ಏನನ್ನು ಗಮನಿಸಬೇಕು? ವಿಮಾನಗಳು ಸರಿಯಾಗಿ ಓಡುವ ತನಕ ಕೊಳ್ಳುವುದನ್ನೇ ನಿಲ್ಲಿಸುವುದು ಒಳ್ಳೆಯದೇ? ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ (ಬೆಂಗಳೂರಿನಿಂದ)

ನಿಮ್ಮ ವರ್ಣನೆ ಓದಿ ಬೇಸರವಾಯಿತು, ಏಕೆಂದರೆ ಕಲ್ಲುಸಕ್ಕರೆಯ ಪುಡಿ ಎಂದಿರಲ್ಲ, ಅಲ್ಲಿಯೇ ಉತ್ತರವಿದೆ. ಒಳ್ಳೆಯ ಎರಕ ಪೆಟ್ಟು ಬಿದ್ದು ಮುರಿದರೆ ಮುರಿದ ಅಂಚು ಹೊಳೆಯುತ್ತದೆ ಮತ್ತು ಎರಡು ತುಂಡುಗಳು ಒಂದಕ್ಕೊಂದು ಸರಿಯಾಗಿ ಕೂಡುತ್ತವೆ. ನಿಮ್ಮದು ಒಳಗಿನಿಂದಲೇ ಸವೆದ ಲೋಹ. ಸಂಗ್ರಾಹಕರು ಇದನ್ನು ‘ಮೆಟಲ್ ಫಟೀಗ್’ ಎಂದೂ ‘ಜಿಂಕ್ ಪೆಸ್ಟ್’ ಎಂದೂ ಕರೆಯುತ್ತಾರೆ.

ಸ್ವಲ್ಪ ಹಿನ್ನೆಲೆ ಹೇಳಿದರೆ ವಿಷಯ ಸ್ಪಷ್ಟವಾಗುತ್ತದೆ. ಫ್ರಾಂಕ್ ಹಾರ್ನ್‌ಬಿ ಅವರ ಮೆಕ್ಯಾನೊ ಕಂಪನಿ ಲಿವರ್‌ಪೂಲಿನ ಬಿನ್ಸ್ ರಸ್ತೆಯ ಕಾರ್ಖಾನೆಯಲ್ಲಿ ಈ ಪುಟ್ಟ ವಾಹನಗಳನ್ನು 1933ರ ಕೊನೆಯಲ್ಲಿ ಆಟದ ರೈಲುಗಳ ಜೊತೆಗೆ ಇಡುವ ಸಾಮಗ್ರಿಯಾಗಿ ಹೊರತಂದಿತು. 1934ರಲ್ಲಿ ಅವುಗಳಿಗೆ ಡಿಂಕಿ ಎಂಬ ಹೆಸರು ಬಂತು. ಮೊದಮೊದಲು ಸೀಸದಲ್ಲಿ ಎರಕ ಹೊಯ್ಯುತ್ತಿದ್ದರು, ಬಳಿಕ ಮಜಾಕ್ ಎಂಬ ಮಿಶ್ರಲೋಹಕ್ಕೆ ಬದಲಾಯಿಸಿದರು. ಅದು ಮುಖ್ಯವಾಗಿ ಸತು. ಜೊತೆಗೆ ಶೇಕಡಾ 4ರಷ್ಟು ಅಲ್ಯೂಮಿನಿಯಂ, ಅಲ್ಪ ಪ್ರಮಾಣದಲ್ಲಿ ತಾಮ್ರ ಮತ್ತು ಮೆಗ್ನೀಸಿಯಂ ಇರುತ್ತವೆ. ಈ ಮಿಶ್ರಣಕ್ಕೆ ಸೀಸದ ಕಲಬೆರಕೆ ಶೇಕಡಾ 0.01ರ ಆಸುಪಾಸಿನಷ್ಟು ಸೇರಿದರೂ ಸಾಕು, ಲೋಹದ ಹರಳುಗಳ ನಡುವಿನ ಸಂದುಗಳಲ್ಲಿ ತುಕ್ಕು ಆರಂಭವಾಗುತ್ತದೆ. ಸೆಕೆ ಮತ್ತು ತೇವ ಅದನ್ನು ಬೆಳೆಸುತ್ತವೆ. ತುಕ್ಕಿಗೆ ಹೆಚ್ಚು ಜಾಗ ಬೇಕಾದುದರಿಂದ ಎರಕ ಹಿಗ್ಗುತ್ತದೆ, ಬಾಗುತ್ತದೆ, ಬಣ್ಣದಲ್ಲಿ ಬಲೆಯಂತೆ ಬಿರುಕು ಮೂಡುತ್ತದೆ, ಕೊನೆಗೆ ತನ್ನ ಭಾರಕ್ಕೇ ಉದುರುತ್ತದೆ. ಯುದ್ಧದ ನಂತರ ಶುದ್ಧವಾದ ಸತುವನ್ನು ಬಳಸಿದ್ದರಿಂದ ಆಮೇಲಿನ ಕಾರುಗಳಲ್ಲಿ ಈ ರೋಗ ವಿರಳ. ನಿಮ್ಮ ತಾತನವರು ತಂದ ಫೋಡನ್ ಲಾರಿ ಇಷ್ಟು ವರ್ಷ ಗಟ್ಟಿಯಾಗಿ ಉಳಿದಿರುವುದಕ್ಕೆ ಇದೇ ಕಾರಣ. ಸೂಪರ್‌ಟಾಯ್ಸ್ ಎಂಬ ಸರಣಿ ಶುರುವಾದದ್ದೇ 1947ರಲ್ಲಿ.

ಆದ್ದರಿಂದ ಅಂಚೆಯವರ ಕೈಯಲ್ಲಿ ಆದದ್ದು ಕೊನೆಯ ಅಲುಗಾಟ ಮಾತ್ರ. ಬಿರುಕು ಹೊರಡುವ ಮೊದಲೇ ಇತ್ತು. ಇದನ್ನು ತೋರಿಸುವ ಒಂದು ದಾರಿಯಿದೆ: ಅದೇ ಮಾದರಿಯ ಯುದ್ಧಾನಂತರದ ಕಾರಿನ ಪಕ್ಕದಲ್ಲಿಟ್ಟು ಉದ್ದ ಅಳೆಯಿರಿ. ಏರ್‌ಫ್ಲೋ 1946ರ ನಂತರವೂ ಎರಡು ವರ್ಷ ತಯಾರಾಗಿತ್ತು, ನನ್ನ ಬಳಿ ಒಂದಿದೆ, ಬೇಕಾದರೆ ಅಳತೆ ಕಳುಹಿಸುತ್ತೇನೆ. ಹಿಗ್ಗಿದ ಎರಕ ಒಂದೆರಡು ಮಿಲಿಮೀಟರ್ ಉದ್ದವಿರುತ್ತದೆ, ಮತ್ತು ಅಷ್ಟು ಹಿಗ್ಗುವುದು ಏಳು ವಾರದ ಪ್ರಯಾಣದಲ್ಲಿ ಆಗುವ ಕೆಲಸವಲ್ಲ.

ಇನ್ನು ಮುಂದೆ ಯಾವ ಕಾರನ್ನೇ ಕೊಳ್ಳಲಿ, ತಳದ ಚಿತ್ರವಿಲ್ಲದೆ ಬೆಲೆ ಕೂಗಬೇಡಿ. ತಳ ನೋಡಿದರೆ ಅರ್ಧ ಚರಿತ್ರೆ ತಿಳಿಯುತ್ತದೆ. ಯುದ್ಧಪೂರ್ವದ ಚಕ್ರಗಳ ನಡುಭಾಗ ನಯವಾಗಿರುತ್ತದೆ, ಆಕ್ಸಲ್ ಕಡ್ಡಿ ತೆಳ್ಳಗಿರುತ್ತದೆ. ಯುದ್ಧದ ನಂತರದ ಚಕ್ರಗಳಲ್ಲಿ ಉಬ್ಬಿದ ಬಳೆಯೊಂದಿರುತ್ತದೆ, ಕಡ್ಡಿ ದಪ್ಪ. ತಳದ ತಗಡನ್ನು ಹಿಡಿದಿರುವ ರಿವೆಟ್ಟಿನ ತಲೆಯ ಮೇಲೆ ಡ್ರಿಲ್ ಗುರುತು ಕಂಡರೆ ಆ ಕಾರನ್ನು ಯಾರೋ ಬಿಚ್ಚಿದ್ದಾರೆ, ಬಿಚ್ಚಿದವರು ಸಾಮಾನ್ಯವಾಗಿ ಬಣ್ಣವನ್ನೂ ಹೊಸದಾಗಿ ಹೊಡೆದಿರುತ್ತಾರೆ. ಎರಡು ಮಗ್ಗುಲು, ಮುಂದೆ, ಹಿಂದೆ, ಮೇಲೆ ಮತ್ತು ತಳ, ಇಷ್ಟು ಚಿತ್ರಗಳನ್ನು ಹಗಲು ಬೆಳಕಿನಲ್ಲಿ ತೆಗೆದು ಕಳುಹಿಸಿ ಎಂದು ಕೇಳುವುದು ಅತಿಯಾಸೆಯಲ್ಲ. ಕಾರನ್ನು ಗಾಜಿನ ಮೇಲಿಟ್ಟು ನಾಲ್ಕೂ ಚಕ್ರಗಳು ನೆಲ ಮುಟ್ಟುತ್ತವೆಯೇ ಎಂಬ ಚಿತ್ರವನ್ನೂ ನಾನು ಕೇಳುತ್ತೇನೆ. ಬಾಗಿದ ಎರಕ ಅಲ್ಲಿ ಸಿಕ್ಕಿಬೀಳುತ್ತದೆ.

ಉಳಿದ ತುಂಡುಗಳನ್ನು ಎಸೆಯಬೇಡಿ, ಅಂಟು ಹಾಕಲೂ ಹೋಗಬೇಡಿ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆಗೆ ಮುಚ್ಚಳವಿರುವ ಡಬ್ಬಿಯಲ್ಲಿಡಿ. ಈ ಕ್ಷಯಕ್ಕೆ ಔಷಧಿಯಿಲ್ಲ, ನಿಧಾನಗೊಳಿಸಬಹುದಷ್ಟೇ. ಆ ಮಟ್ಟಿಗೆ ಮೈಸೂರಿನ ಒಣ ಹವೆ ನಿಮ್ಮ ಪಕ್ಷದಲ್ಲಿದೆ. ಮಂಗಳೂರಿನ ನನ್ನ ಸ್ನೇಹಿತರೊಬ್ಬರು ಮಳೆಗಾಲದಲ್ಲಿ ಯುದ್ಧಪೂರ್ವದ ಕಾರುಗಳನ್ನು ಬೀರುವಿನಿಂದ ಹೊರಗೇ ತೆಗೆಯುವುದಿಲ್ಲ.

ಉತ್ತರ (ಇಂಗ್ಲೆಂಡಿನ ಲೀಡ್ಸ್‌ನಿಂದ)

ಬೆಂಗಳೂರಿನ ಹಿರಿಯರು ಲೋಹದ ವಿಚಾರವನ್ನು ಚೆನ್ನಾಗಿ ವಿವರಿಸಿದ್ದಾರೆ. ನಾನು ಹರಾಜಿನ ಬಗ್ಗೆ ಬರೆಯುತ್ತೇನೆ. ನಾನು ಹಾಸನದ ಕಡೆಯವನು, ಇಲ್ಲಿಗೆ ಬಂದು ಹದಿನಾರು ವರ್ಷವಾಯಿತು. ಭಾನುವಾರಗಳಲ್ಲಿ ಆಟಿಕೆ ಮೇಳಗಳಿಗೆ ಹೋಗಿ, ಮೇಜಿನ ಮೇಲಿನ ಕಾರನ್ನು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಚೌಕಾಸಿ ಮಾಡಿ ಕೊಳ್ಳುವುದು ನನ್ನ ಅಭ್ಯಾಸವಾಗಿತ್ತು. 2020ರ ಮಾರ್ಚ್ 23ರಂದು ಇಲ್ಲಿ ಲಾಕ್‌ಡೌನ್ ಘೋಷಣೆಯಾದ ಮೇಲೆ ಆ ಮೇಳಗಳು ನಿಂತುಹೋದವು. ಎದುರು ಕುಳಿತು ಮಾತನಾಡಿಸುತ್ತಿದ್ದ ಮುದುಕರೆಲ್ಲ ಮನೆಯೊಳಗೆ ಸೇರಿದರು. ಅವರಲ್ಲಿ ಕೆಲವರನ್ನು ನಾನು ಮತ್ತೆ ನೋಡುತ್ತೇನೆಯೇ ಎಂಬ ಚಿಂತೆ ಈಗಲೂ ಇದೆ.

ಬಿಡಿ ವ್ಯಕ್ತಿಗಳು ತಾವೇ ಮಾರುವ ಆನ್‌ಲೈನ್ ಹರಾಜಿಗೂ ಆಟಿಕೆಗಳಿಗೆಂದೇ ಇರುವ ಹರಾಜು ಸಂಸ್ಥೆಗಳಿಗೂ ವ್ಯತ್ಯಾಸವಿದೆ. ಉದಾಹರಣೆಗೆ, ಇಂಗ್ಲೆಂಡಿನ ಈಶಾನ್ಯ ಭಾಗದ ಥಾರ್ನಬಿಯಲ್ಲಿರುವ ವೆಕ್ಟಿಸ್ ಎಂಬ ಸಂಸ್ಥೆ ಆಟಿಕೆಗಳನ್ನೇ ಹರಾಜು ಹಾಕುತ್ತದೆ. ಇಂಥ ಕಡೆ ಪ್ರತಿ ‘ಲಾಟ್’ಗೂ, ಅಂದರೆ ಒಂದು ಬಾರಿಗೆ ಹರಾಜಿಗಿಡುವ ವಸ್ತು ಅಥವಾ ವಸ್ತುಗಳ ಗುಂಪಿಗೂ, ‘ಗುಡ್’, ‘ಗುಡ್ ಪ್ಲಸ್’, ‘ಎಕ್ಸಲೆಂಟ್’, ‘ನಿಯರ್ ಮಿಂಟ್’ ಎಂದು ಸ್ಥಿತಿಯನ್ನು ಕಾರಿಗೆ ಬೇರೆ, ಪೆಟ್ಟಿಗೆಗೆ ಬೇರೆ ಬರೆದಿರುತ್ತಾರೆ. ಬಣ್ಣ ತಿದ್ದಿದ್ದರೆ, ಟೈರು ಬದಲಿಸಿದ್ದರೆ, ಎರಕ ಹಿಗ್ಗಿದ್ದರೆ ಅದನ್ನೂ ನಮೂದಿಸುತ್ತಾರೆ. ವಿವರ ಸಾಲದಿದ್ದರೆ ಹರಾಜಿಗೆ ಮೊದಲು ಪತ್ರ ಬರೆದು ಸ್ಥಿತಿ ವರದಿ ಕೇಳಬಹುದು, ಹೆಚ್ಚಿನ ಚಿತ್ರಗಳನ್ನು ಕೇಳಬಹುದು. ನಿಮ್ಮಂತೆ ದೂರದಲ್ಲಿರುವವರು ಇದನ್ನು ತಪ್ಪದೆ ಮಾಡಬೇಕು. ‘ವಯಸ್ಸಿಗೆ ತಕ್ಕಂತೆ’ ಎಂಬ ಮಾತಿಗೆ ಯಾವ ಅರ್ಥವೂ ಇಲ್ಲ; ಅದನ್ನು ಕಂಡಾಗಲೆಲ್ಲ ನಾನು ಏನನ್ನೋ ಹೇಳದೆ ಬಿಟ್ಟಿದ್ದಾರೆ ಎಂದೇ ಓದಿಕೊಳ್ಳುತ್ತೇನೆ.

ಆದರೆ ಹರಾಜು ಸಂಸ್ಥೆಯಲ್ಲಿ ಸುತ್ತಿಗೆ ಬಿದ್ದ ಬೆಲೆಯೇ ಕೊನೆಯ ಬೆಲೆಯಲ್ಲ. ಅದರ ಮೇಲೆ ಕೊಂಡವರು ಸಂಸ್ಥೆಗೆ ಕೊಡಬೇಕಾದ ‘ಬಯರ್ಸ್ ಪ್ರೀಮಿಯಂ’ ಎಂದು ಶೇಕಡಾ 20ಕ್ಕೂ ಹೆಚ್ಚು ಸೇರುವುದು ಸಾಮಾನ್ಯ, ಆ ಪ್ರೀಮಿಯಂ ಮೇಲೆ ತೆರಿಗೆ, ಜಾಲತಾಣದ ಮೂಲಕ ಕೂಗಿದರೆ ಅದಕ್ಕೊಂದು ಸಣ್ಣ ಶುಲ್ಕ, ಆಮೇಲೆ ಪೊಟ್ಟಣ ಕಟ್ಟುವ ಮತ್ತು ಸಾಗಿಸುವ ಖರ್ಚು. ಆದ್ದರಿಂದ 100 ಪೌಂಡ್ ಖರ್ಚು ಮಾಡಬೇಕೆಂದಿದ್ದರೆ 70ಕ್ಕೇ ಕೈ ಇಳಿಸಬೇಕು. ಚಳಿಗಾಲದಲ್ಲಿ ಇಲ್ಲಿನ ಬೆಳಗಿನ ಹತ್ತು ಗಂಟೆ ಎಂದರೆ ನಿಮಗೆ ಮಧ್ಯಾಹ್ನ ಮೂರೂವರೆ. ಕೂತು ಕೂಗಬಹುದು, ಆದರೆ ಗರಿಷ್ಠ ಮೊತ್ತವನ್ನು ಹಿಂದಿನ ದಿನವೇ ಬರೆದು ಕಳುಹಿಸಿ, ಹರಾಜಿನ ಹೊತ್ತಿನಲ್ಲಿ ಪರದೆಯ ಮುಂದೆ ಕೂರದಿರುವುದು ಒಳ್ಳೆಯದು. ನಾಲ್ಕು ಗೋಡೆಗಳ ನಡುವೆ ಬೇಸತ್ತು ಕೂತಿರುವ ಜನ ಒಬ್ಬರ ಮೇಲೊಬ್ಬರು ಕೂಗಿ ಬೆಲೆ ಏರಿಸುವುದನ್ನು ಈ ವರ್ಷ ಕಣ್ಣಾರೆ ಕಂಡಿದ್ದೇನೆ. ಒಮ್ಮೆ ನಾನೇ ಹಾಗೆ ಸಾಧಾರಣ ಕಾರೊಂದಕ್ಕೆ ಮೂರು ಪಟ್ಟು ಕೊಟ್ಟೆ.

ಕಾಯಬೇಕೇ ಎಂದು ಕೇಳಿದ್ದೀರಿ. ಪೆಟ್ಟಿಗೆ ಸಹಿತ, ಬಣ್ಣ ಮಾಸದ, ಅಪರೂಪದ ವಸ್ತುಗಳಿಗೆ ಈಗ ಪೈಪೋಟಿ ಜೋರಾಗಿದೆ. ಆದರೆ ಇದೇ ಕಾಲದಲ್ಲಿ ಮನೆ ಮನೆಗಳಲ್ಲಿ ಜನ ಅಟ್ಟ ಖಾಲಿ ಮಾಡುತ್ತಿರುವುದರಿಂದ, ಮಕ್ಕಳು ಆಡಿ ಬಣ್ಣ ಹೋದ 1950ರ ದಶಕದ ಕಾರುಗಳು ಹತ್ತಿಪ್ಪತ್ತು ಒಟ್ಟಿಗೆ ಒಂದೇ ಲಾಟ್‌ನಲ್ಲಿ ಬರುತ್ತಿವೆ. ಗೊಂಬೆ ಪಾರ್ಕಿನ ರಸ್ತೆಗೆ ನಿಮಗೆ ಬೇಕಾದದ್ದು ಅವೇ ಅಲ್ಲವೇ? ಮಗುವೊಂದು ಆಡಿದ ಗುರುತು ನನ್ನ ಕಣ್ಣಿಗೆ ಕುಂದಲ್ಲ. ಕಪಾಟಿನಲ್ಲೇ ಕಾಲ ಕಳೆದ ಕಾರಿಗಿಂತ ಅಂಥದ್ದೇ ನನಗೆ ಹೆಚ್ಚು ಪ್ರಿಯ.

ಪೆಟ್ಟಿಗೆಗಳ ಬಗ್ಗೆ ಒಂದು ಎಚ್ಚರಿಕೆ. ಹಳೆಯ ಡಿಂಕಿ ಪೆಟ್ಟಿಗೆಯಿದ್ದರೆ ಬೆಲೆ ಎರಡು ಪಟ್ಟಾಗುವುದೂ ಉಂಟು, ಹಾಗಾಗಿ ಹೊಸದಾಗಿ ಮುದ್ರಿಸಿದ ಪೆಟ್ಟಿಗೆಗಳು ಬಹಳ ಓಡಾಡುತ್ತಿವೆ. ನೋಟು ಪರೀಕ್ಷಿಸುವ ನೇರಳೆ ಬೆಳಕಿನ ಟಾರ್ಚನ್ನು ಕತ್ತಲಲ್ಲಿ ಹಿಡಿದರೆ ಇಂದಿನ ಕಾಗದ ನೀಲಿ ಬಿಳುಪಾಗಿ ಹೊಳೆಯುತ್ತದೆ, ಹಳೆಯ ರಟ್ಟು ಮಂಕಾಗಿಯೇ ಉಳಿಯುತ್ತದೆ. ಬಣ್ಣ ತಿದ್ದಿದ ಜಾಗವೂ ಆ ಬೆಳಕಿನಲ್ಲಿ ಬೇರೆಯಾಗಿ ಕಾಣುತ್ತದೆ. ಬೆಲೆ ಹೆಚ್ಚಿದ್ದಾಗ ಅಂಥ ಒಂದು ಚಿತ್ರ ಕೇಳಿ; ಪ್ರಾಮಾಣಿಕ ಮಾರಾಟಗಾರರು ಬೇಸರಿಸುವುದಿಲ್ಲ.

ಉತ್ತರ (ಮಂಗಳೂರಿನಿಂದ)

ನಾನು ಸಂಗ್ರಾಹಕನಲ್ಲ, ಆಮದು ರಫ್ತಿನ ಕಾಗದಪತ್ರದ ಕೆಲಸದಲ್ಲಿರುವವನು. ಎರಡೇ ಮಾತು. 2020ರ ಫೆಬ್ರುವರಿಯ ಬಜೆಟ್ಟಿನಲ್ಲಿ ಆಟಿಕೆಗಳ ಮೇಲಿನ ಮೂಲ ಸೀಮಾಸುಂಕವನ್ನು ಶೇಕಡಾ 20ರಿಂದ 60ಕ್ಕೆ ಏರಿಸಲಾಯಿತು. 2020ರ ಡಿಸೆಂಬರಿನ ನಿಯಮದಂತೆ, ಆಟಿಕೆ ಎಂದು ವರ್ಗೀಕರಿಸಿದರೆ ಇದರ ಮೇಲೆ ಸಮಾಜ ಕಲ್ಯಾಣ ಸರ್ಚಾರ್ಜ್ ಮತ್ತು ಜಿಎಸ್‌ಟಿ ಬೇರೆ ಸೇರುತ್ತವೆ. ಸುಂಕವನ್ನು ಕಾರಿನ ಬೆಲೆಯ ಮೇಲೆ ಮಾತ್ರವಲ್ಲದೆ ಸಾಗಣೆ ಮತ್ತು ವಿಮೆಯ ವೆಚ್ಚವನ್ನೂ ಕೂಡಿಸಿದ ಮೊತ್ತದ ಮೇಲೆ ಹಾಕುತ್ತಾರೆ, ಆದ್ದರಿಂದ ದುಬಾರಿ ಕೊರಿಯರ್ ಆರಿಸಿಕೊಂಡರೆ ಸುಂಕವೂ ಹೆಚ್ಚುತ್ತದೆ. ಸ್ವಂತ ಬಳಕೆಗೆ ತರಿಸಿದ ಪೊಟ್ಟಣವನ್ನು ಯಾವ ಶೀರ್ಷಿಕೆಯಡಿ ಅಳೆಯುತ್ತಾರೆ ಎಂಬುದನ್ನು ಮೊದಲೇ ವಿಚಾರಿಸಿಕೊಂಡು, ಆ ಮೊತ್ತವನ್ನೂ ಸೇರಿಸಿ ನಿಮ್ಮ ಮಿತಿಯನ್ನು ನಿಶ್ಚಯಿಸಿ.

ಎರಡನೆಯದು, ಕೆಲವು ಮಾರಾಟಗಾರರು ಉಪಕಾರವೆಂದು ಭಾವಿಸಿ ಪೊಟ್ಟಣದ ಮೇಲೆ ‘ಉಡುಗೊರೆ’ ಎಂದು ಬರೆಯುತ್ತಾರೆ. ಅದಕ್ಕೆ ಒಪ್ಪಬೇಡಿ. 2019ರ ಡಿಸೆಂಬರಿನಿಂದ, ಜೀವರಕ್ಷಕ ಔಷಧಿ ಮತ್ತು ರಾಖಿಗಳನ್ನು ಬಿಟ್ಟರೆ, ಅಂಚೆ ಅಥವಾ ಕೊರಿಯರ್ ಮೂಲಕ ಉಡುಗೊರೆ ಎಂದು ಹೇಳಿ ಸುಂಕವಿಲ್ಲದೆ ತರಿಸಿಕೊಳ್ಳುವುದನ್ನು ನಿಷೇಧಿಸಲಾಗಿದೆ. ನಿಜವಾದ ಬೆಲೆ ಬರೆಸಿ, ಬಿಲ್ಲಿನ ಪ್ರತಿಯನ್ನು ಪೊಟ್ಟಣದ ಹೊರಗೆ ಅಂಟಿಸಲು ಹೇಳಿ. ಬೆಲೆ ಕಡಿಮೆ ಬರೆಸಿದ್ದರೆ, ಪೊಟ್ಟಣ ಕಳೆದಾಗ ವಿಮೆಯೂ ಅಷ್ಟೇ ಸಿಗುತ್ತದೆ.

ಉತ್ತರ (ಬೆಂಗಳೂರಿನ ಚಾಮರಾಜಪೇಟೆಯಿಂದ)

ಇಂಗ್ಲೆಂಡಿನಿಂದಲೇ ತರಿಸಬೇಕೆಂಬ ಹಟ ಏಕೆ ಎಂದು ನನಗೆ ಅನ್ನಿಸುತ್ತದೆ. ನನ್ನ ಬಾಲ್ಯ ಕಲ್ಕತ್ತೆಯಲ್ಲಿ ಕಳೆಯಿತು, ಅಪ್ಪನಿಗೆ ಅಲ್ಲಿ ಕೇಂದ್ರ ಸರ್ಕಾರದ ಕೆಲಸವಿತ್ತು. ನನಗೂ ನನ್ನ ತಮ್ಮನಿಗೂ ಅಪ್ಪ ಕೊಡಿಸುತ್ತಿದ್ದದ್ದು ನಿಕಿ ಟಾಯ್ಸ್. ಡಿಂಕಿ ಕಂಪನಿಯ ಹಳೆಯ ಅಚ್ಚುಗಳು ಭಾರತಕ್ಕೆ ಬಂದು, 1960ರ ದಶಕದ ಕೊನೆಯಿಂದ ಕಲ್ಕತ್ತೆಯಲ್ಲಿ ಆ ಅಚ್ಚುಗಳಿಂದಲೇ ಕಾರುಗಳು ತಯಾರಾದವು. ತಳದಲ್ಲಿ ನಿಕಿ ಎಂದಿರುತ್ತದೆ, ಬಣ್ಣ ದಪ್ಪಗೆ ಬಳಿದಂತಿರುತ್ತದೆ, ಎರಕದ ಅಂಚು ಒರಟಾಗಿರುತ್ತದೆ. ಲಿವರ್‌ಪೂಲಿನ ನಯವನ್ನೇ ಅಳತೆಗೋಲಾಗಿ ಹಿಡಿಯುವವರು ಇವನ್ನು ಕೀಳೆಂದು ಕಾಣುತ್ತಿದ್ದರು. ನನ್ನ ದೃಷ್ಟಿಯಲ್ಲಿ ಅದು ಅನ್ಯಾಯ. ಅಚ್ಚು ಅದೇ, ಕೈ ನಮ್ಮ ದೇಶದ ಕಾರ್ಮಿಕರದು, ಆಡಿದ್ದು ನಮ್ಮ ಮಕ್ಕಳು. ಈಗ ವಿದೇಶದ ಸಂಗ್ರಾಹಕರೇ ಅವುಗಳನ್ನು ಹುಡುಕಿಕೊಂಡು ಬರುತ್ತಿದ್ದಾರೆ.

ನಮ್ಮ ದೇಶದೊಳಗಿನ ಮಾರಾಟದಲ್ಲಿ ಸುಂಕದ ತೊಡಕಿಲ್ಲ, ಪೊಟ್ಟಣ ವಾರದಲ್ಲಿ ಬರುತ್ತದೆ, ಅನುಮಾನವಿದ್ದರೆ ವಿಡಿಯೋ ಕರೆ ಮಾಡಿ ಕಾರನ್ನು ಕೈಯಲ್ಲಿ ತಿರುಗಿಸಿ ತೋರಿಸಿ ಎನ್ನಬಹುದು. ನಾನು ಈ ಆಗಸ್ಟಿನಲ್ಲಿ ಹಾಗೆಯೇ ಒಂದು ಜಾಗ್ವಾರ್ ಕೊಂಡೆ. ಮಾರಿದವರು ವಯಸ್ಸಾದ ತಾಯಿ, ಮಗ ಊರಿನಲ್ಲಿರಲಿಲ್ಲ. ಅವರು ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿ ಕಾರನ್ನು ಎರಡು ಬೆರಳಲ್ಲಿ ಹಿಡಿದು ಒಂದೊಂದೇ ಚಕ್ರವನ್ನು ತಿರುಗಿಸಿ ತೋರಿಸಿದರು. ನಾಲ್ಕನೆಯ ಚಕ್ರ ತಿರುಗಲಿಲ್ಲ. ಅದನ್ನು ಅವರೇ ಮೊದಲು ಹೇಳಿದರು.

ಇನ್ನೊಂದು ಮಾತನ್ನು ತಾಯಿಯಾಗಿ ಹೇಳುತ್ತೇನೆ. ಹಳೆಯ ಕಾರುಗಳ ಬಣ್ಣದಲ್ಲಿ ಸೀಸವಿರುತ್ತದೆ, 1930ರ ದಶಕದ ಕೆಲವು ಪೂರ್ತಿ ಸೀಸದವೇ. ಗೊಂಬೆ ಪಾರ್ಕಿನಲ್ಲಿ ಇಡುತ್ತೀರಿ ಎಂದಾದರೆ ಪುಟ್ಟ ಮಕ್ಕಳ ಕೈಗೆ ಎಟುಕದ ಕಡೆ ಇಡಿ, ಮುಟ್ಟಿದವರು ಚರುಪು ತಿನ್ನುವ ಮೊದಲು ಕೈ ತೊಳೆಯಲಿ. ರಾಗಿ ಮೊಳಕೆಗೆ ದಿನವೂ ನೀರು ಚಿಮುಕಿಸುತ್ತೇವಲ್ಲ, ಆ ಹಸಿ ಮರಳಿನ ಮೇಲೆ ಲೋಹವನ್ನು ಒಂಬತ್ತು ದಿನ ಬಿಡುವುದೂ ಸರಿಯಲ್ಲ. ಚಕ್ರದ ಕೆಳಗೆ ಒಂದು ರಟ್ಟಿನ ಪಟ್ಟಿ ಹಾಕಿ, ಅದರ ಮೇಲೆ ಮರಳು ಉದುರಿಸಿದರೆ ಯಾರಿಗೂ ತಿಳಿಯುವುದಿಲ್ಲ.

ಪ್ರಶ್ನೆ ಕೇಳಿದವರಿಂದ (ಹತ್ತು ದಿನಗಳ ನಂತರ)

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಬೆಂಗಳೂರಿನವರು ಅಳತೆ ಕಳುಹಿಸಿದರು. ಸ್ನೇಹಿತರೊಬ್ಬರ ವರ್ಕ್‌ಶಾಪಿನಿಂದ ಸೂಕ್ಷ್ಮವಾಗಿ ಅಳೆಯುವ ವರ್ನಿಯರ್ ಸಾಧನ ತಂದು ಅಳೆದಾಗ ನನ್ನ ಏರ್‌ಫ್ಲೋ ಎರಡು ಮಿಲಿಮೀಟರಿಗಿಂತ ತುಸು ಹೆಚ್ಚು ಉದ್ದವಿತ್ತು. ಎರಡು ಅಳತೆಗಳನ್ನೂ, ಮುರಿದ ಅಂಚಿನ ಚಿತ್ರವನ್ನೂ ಮಾರಿದವರಿಗೆ ಕಳುಹಿಸಿದೆ. ನಾಲ್ಕು ದಿನ ಮೌನವಾಗಿದ್ದು, ಆಮೇಲೆ ಅರ್ಧ ಹಣ ಹಿಂದಿರುಗಿಸಿದರು. ತಮಗೂ ಈ ವಿಷಯ ತಿಳಿದಿರಲಿಲ್ಲ, ಅದು ತಮ್ಮ ಅಜ್ಜನ ಕಾರು ಎಂದು ಬರೆದಿದ್ದಾರೆ. ಅದನ್ನು ನಾನು ನಂಬಿದೆ, ಉಳಿದ ಅರ್ಧವನ್ನು ಕೇಳಲಿಲ್ಲ. ತುಂಡುಗಳು ಈಗ ಸಿಲಿಕಾ ಜೆಲ್ ಜೊತೆ ಒಂದು ಡಬ್ಬಿಯಲ್ಲಿವೆ.

ನಿಕಿ ಕಾರುಗಳ ವಿಚಾರ ನನಗೆ ಹೊಸದು. ಹುಡುಕತೊಡಗಿದ್ದೇನೆ. ಜೊತೆಗೆ, ನಮ್ಮ ತಂದೆಯವರಿಗೆ ಚಿಕ್ಕಂದಿನಲ್ಲಿ ಸರಪಳಿ ಕಟ್ಟಿದ ಫೋಡನ್ ಲಾರಿಯ ಮೇಲೆ ಆಸೆಯಿತ್ತಂತೆ, ಅಂಗಡಿಯ ಗಾಜಿನ ಹಿಂದೆ ನೋಡಿದ್ದರಂತೆ. ಅಂಥದ್ದೊಂದು, ಡಿಂಕಿ ಮಾದರಿಗಳ ಪಟ್ಟಿಯಲ್ಲಿ 905ನೆಯ ಸಂಖ್ಯೆಯದು, ಪೆಟ್ಟಿಗೆಯಿಲ್ಲದೆ ಜನವರಿಯ ಹರಾಜೊಂದರ ಪಟ್ಟಿಯಲ್ಲಿದೆ. ಸುಂಕ, ಪ್ರೀಮಿಯಂ, ಸಾಗಣೆ ಎಲ್ಲವನ್ನೂ ಕೂಡಿಸಿ ಒಂದು ಮೊತ್ತ ಬರೆದಿಟ್ಟುಕೊಂಡು, ಆರು ಚಿತ್ರಗಳನ್ನು ಕೇಳಿದ್ದೆ. ಐದು ಬಂದಿವೆ, ಸರಪಳಿ ಅಸಲಿಯಂತೆಯೇ ಕಾಣುತ್ತದೆ. ತಳದ ಚಿತ್ರ ಇನ್ನೂ ಬಂದಿಲ್ಲ. ಅದು ಬರುವ ತನಕ ನಾನು ಬೆಲೆ ಬರೆದು ಕಳುಹಿಸುವುದಿಲ್ಲ.